ಎಂಡೋಸ್ಕೋಪಿ ನಾರ್ಮಲ್, ಆದರೂ ಮಧ್ಯಾಹ್ನದ ಊಟ ರಾತ್ರಿ ವಾಂತಿ: ಇದು ಬರೀ ಗ್ಯಾಸ್ಟ್ರಿಕ್ ಅಲ್ಲ

ಗೂಡಿನ ಮನೆ, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಬರಹ ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ. ನಮ್ಮ ಮನೆಯಲ್ಲಿ ಮೂರು ವರ್ಷ ಹಾಳಾಯಿತು. ಇನ್ನೊಬ್ಬರ ಮನೆಯಲ್ಲಿ ಹಾಗಾಗುವುದು ಬೇಡ.

ಅಮ್ಮನಿಗೆ ಈಗ 61. ಶುಗರ್ ಬಂದು 19 ವರ್ಷವಾಯಿತು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ) ಎದ್ದ ಮೇಲೆ ಸೊಪ್ಪು ಹಾಕುವುದೇ ಕೆಲಸ, ಮನೆಯವರ ಊಟಕ್ಕೆ ಹೊತ್ತುಗೊತ್ತು ಇರುವುದಿಲ್ಲ. ಅದಕ್ಕೇ ಅಮ್ಮನ ಹೊಟ್ಟೆ ಕೆಟ್ಟಿದೆ ಅಂದುಕೊಂಡೆವು. ನಾಲ್ಕು ತುತ್ತು ತಿಂದರೆ ಸಾಕು, ಹೊಟ್ಟೆ ಬಿಗಿದುಕೊಳ್ಳುತ್ತಿತ್ತು. ಬೆಳಗ್ಗೆ ವಾಕರಿಕೆ. ಸಂಜೆ ತನಕ ತೇಗು. ಹೋದ ಕಡೆಯೆಲ್ಲ ‘ಗ್ಯಾಸ್ಟ್ರಿಕ್’ ಎಂದು ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ ಕೊಟ್ಟರು. ಎರಡು ಸಲ ಎಂಡೋಸ್ಕೋಪಿ, ಮೂರು ಸಲ ಸ್ಕ್ಯಾನಿಂಗ್. ಎಲ್ಲ ನಾರ್ಮಲ್. ‘ಟೆನ್ಷನ್ ಬಿಡಿ ಅಮ್ಮ’ ಎಂದು ಕಳಿಸಿದರು. ಎರಡನೇ ರಿಪೋರ್ಟ್ ಬಂದ ದಿನ ನಾನೂ ಅಮ್ಮನ ಮೇಲೆ ರೇಗಿದೆ. ‘ಏನೂ ಇಲ್ಲ ಅಂತ ಬರೆದಿದ್ದಾರಲ್ಲ, ಇನ್ನೇನು ನಿನಗೆ’ ಅಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಹೋದ ಸಂಕ್ರಾಂತಿಯ ಹಿಂದಿನ ವಾರ. ಮಧ್ಯಾಹ್ನ ಒಂದು ಗಂಟೆಗೆ ಮುದ್ದೆ, ಸೊಗಡವರೆ ಸಾರು. ಅಮ್ಮ ಅರ್ಧ ಮುದ್ದೆ ತಿಂದರು. ರಾತ್ರಿ ಏನೂ ತಿನ್ನಲಿಲ್ಲ. ಹನ್ನೊಂದು ಗಂಟೆಗೆ ಬಚ್ಚಲಲ್ಲಿ ವಾಂತಿ. ಕರೆಂಟ್ ಇರಲಿಲ್ಲ, ನಾನು ಮೊಬೈಲ್ ಬೆಳಕು ಹಿಡಿದು ನಿಂತಿದ್ದೆ. ಅವರೆಕಾಳು ಸಿಪ್ಪೆ ಸಮೇತ ಹಾಗೇ ಬಿದ್ದಿದ್ದವು. ಮುದ್ದೆಯ ತುಣುಕು ಕೂಡ ಕರಗಿರಲಿಲ್ಲ. ಹತ್ತು ಗಂಟೆ ಆಗಿತ್ತು ತಿಂದು! ಇದು ಹುಳಿಯ ವಾಂತಿ ಅಲ್ಲ, ಊಟ ಕೆಳಗೆ ಇಳಿದೇ ಇಲ್ಲ ಎಂದು ಅವತ್ತು ಹೊಳೆಯಿತು.

ಮಾರನೇ ದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯತೊಡಗಿದೆ. ಏನು ತಿಂದರು, ಎಷ್ಟು ಹೊತ್ತಿಗೆ, ವಾಂತಿ ಯಾವಾಗ, ಶುಗರ್ ಎಷ್ಟು. ಒಂದು ವಿಚಿತ್ರ ಕಂಡಿತು. ಇನ್ಸುಲಿನ್ ಚುಚ್ಚಿಕೊಂಡು ಊಟ ಮಾಡಿದ ಮೇಲೂ ಎರಡೂವರೆಗೆ ಮೈ ಬೆವರಿ ಕೈ ನಡುಗುತ್ತಿತ್ತು, ಮಿಷನ್ನಿನಲ್ಲಿ 58. ರಾತ್ರಿ ಹತ್ತಕ್ಕೆ ಏನೂ ತಿನ್ನದೆ 290. ಇಪ್ಪತ್ತೆರಡು ದಿನ ಬರೆದು, ಆ ಹಾಳೆ ಹರಿದುಕೊಂಡು ಬೆಂಗಳೂರಿಗೆ ಹೋದೆವು. ಅಲ್ಲಿನ ಡಾಕ್ಟರು ಫೈಲ್ ಪಕ್ಕಕ್ಕಿಟ್ಟು ಮೊದಲು ಕ್ಯಾಲೆಂಡರ್ ಹಾಳೆ ಓದಿದರು. ಆಮೇಲೆ ಒಂದು ಪರೀಕ್ಷೆ ಬರೆದರು. ತೀರಾ ಸ್ವಲ್ಪ ವಿಕಿರಣದ ವಸ್ತು ಬೆರೆಸಿದ ಇಡ್ಲಿ ತಿನ್ನಿಸಿ, ನಾಲ್ಕು ಗಂಟೆಯಲ್ಲಿ ನಾಲ್ಕು ಸಲ ಕ್ಯಾಮೆರಾ ಮುಂದೆ ನಿಲ್ಲಿಸಿದರು. ನಾಲ್ಕು ಗಂಟೆಯಾದ ಮೇಲೂ ನೂರಕ್ಕೆ 34 ಭಾಗ ಇಡ್ಲಿ ಜಠರದಲ್ಲೇ ಕೂತಿತ್ತು. ಗ್ಯಾಸ್ಟ್ರೋಪರೇಸಿಸ್ ಎಂದರು. ‘ಜಠರದ ಗೋಡೆ ಚೆನ್ನಾಗಿದೆ, ಅದನ್ನು ನಡೆಸುವ ನರ ಸೋತಿದೆ’ ಅಂದರು.

ನನ್ನ ಪ್ರಶ್ನೆ ಎರಡು. ಎರಡು ಎಂಡೋಸ್ಕೋಪಿಯಲ್ಲಿ ಇದು ಯಾಕೆ ಸಿಗಲಿಲ್ಲ? ಹೊಟ್ಟೆಯ ನರ ಅಂದರೆ ಏನು, ಅದರ ಮೇಲೆ ಏನಾದರೂ ಸಂಶೋಧನೆ ನಡೆದಿದೆಯಾ? ತಿಳಿದವರು ಹೇಳಿ.

ಮಾವಿನ ತೋಪು, ಶ್ರೀನಿವಾಸಪುರ

ತಾಯಿ, ನಿಮ್ಮ ಅಮ್ಮ ಬೇಗ ಚೇತರಿಸಿಕೊಳ್ಳಲಿ. ಆದರೆ ಒಂದು ಮಾತು ಹೇಳುತ್ತೇನೆ. ನನಗೆ 74. ನಮ್ಮ ಕಾಲದಲ್ಲಿ ಇಷ್ಟೊಂದು ಹೆಸರಿನ ಕಾಯಿಲೆ ಇರಲಿಲ್ಲ. ಹೊಟ್ಟೆ ಕಟ್ಟಿದರೆ ಹರಳೆಣ್ಣೆ, ಉಬ್ಬರಿಸಿದರೆ ಓಮದ ನೀರು. ಮುದ್ದೆ, ಸೊಪ್ಪು, ಕಾಳು ಚೆನ್ನಾಗಿ ತಿನ್ನಿಸಿ. ನಾರು ಹೋದರೆ ಹೊಟ್ಟೆ ತಾನೇ ಓಡುತ್ತದೆ.

ಹಳೇ ಮೇಷ್ಟ್ರು, ಕ್ಯಾತಸಂದ್ರ

ಗೂಡಿನ ಮನೆ ಮೇಡಂ, ನಾನು ವೈದ್ಯನಲ್ಲ. ತುಮಕೂರಿನಲ್ಲಿ 31 ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವನು. ಈ ವಿಷಯ ನನಗೆ ಬಹಳ ಇಷ್ಟ. ಪಠ್ಯಪುಸ್ತಕದಲ್ಲಿ ಇದಕ್ಕೆ ನಾಲ್ಕು ಸಾಲೂ ಇರುತ್ತಿರಲಿಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎಂಡೋಸ್ಕೋಪಿಯಲ್ಲಿ ಒಳಗೋಡೆ ಕಾಣುತ್ತದೆ. ಹುಣ್ಣು, ಗೆಡ್ಡೆ, ರಕ್ತ ಇದ್ದರೆ ಸಿಕ್ಕುತ್ತದೆ. ನರಗಳು ಇರುವುದು ಗೋಡೆಯ ಒಳಗೆ. ನಿಂತ ಬಸ್ಸಿನ ಫೋಟೋ ನೋಡಿ ಎಂಜಿನ್ ಸ್ಟಾರ್ಟ್ ಆಗುತ್ತಾ ಎಂದು ಹೇಳಲು ಬರುವುದಿಲ್ಲ ಅಲ್ವಾ? ಓಡಾಟದ ತೊಂದರೆಗೆ ಓಡಾಟ ಅಳೆಯುವ ಪರೀಕ್ಷೆಯೇ ಬೇಕು. ಅಮ್ಮನಿಗೆ ಮಾಡಿದ ಇಡ್ಲಿ ಪರೀಕ್ಷೆ ಅದೇ. ಅಮೆರಿಕದಲ್ಲಿ ಮೊಟ್ಟೆಯ ಬಿಳಿಭಾಗ ಕೊಟ್ಟು ಮಾಡುತ್ತಾರೆ. ಅಲ್ಲಿನ ಲೆಕ್ಕದಲ್ಲಿ ನಾಲ್ಕು ಗಂಟೆಗೆ ನೂರಕ್ಕೆ 10ಕ್ಕಿಂತ ಜಾಸ್ತಿ ಉಳಿದರೆ ಜಠರ ನಿಧಾನ ಎಂದರ್ಥ.

ಎರಡನೇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1857ರಲ್ಲಿ ಜರ್ಮನಿಯ ಮೈಸ್ನರ್ ಕರುಳಿನ ಒಳಪದರದ ಕೆಳಗೆ ಒಂದು ನರಜಾಲ ಕಂಡರು. ಕೆಲವೇ ವರ್ಷಗಳಲ್ಲಿ ಔಯರ್‌ಬಾಖ್ ಎಂಬುವರು ಸ್ನಾಯುವಿನ ಎರಡು ಪದರಗಳ ನಡುವೆ ಇನ್ನೊಂದು ಜಾಲ ತೋರಿಸಿದರು. ಒಳಗಿನ ಜಾಲ ಮುಖ್ಯವಾಗಿ ರಸ ಬಿಡುವುದನ್ನು, ರಕ್ತದ ಹರಿವನ್ನು ನೋಡಿಕೊಳ್ಳುತ್ತದೆ. ಸ್ನಾಯುಗಳ ನಡುವಿನದು ಊಟ ತಳ್ಳುವುದನ್ನು. ಅನ್ನನಾಳದಿಂದ ಗುದದ ತನಕ ಎರಡೂ ಸೇರಿ 10 ಕೋಟಿಯಿಂದ 50 ಕೋಟಿ ನರಕೋಶ ಇವೆ ಎಂದು ಅಂದಾಜು. ಬೆನ್ನುಹುರಿಗೆ ಕಡಿಮೆ ಇಲ್ಲದ ಲೆಕ್ಕ.

1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಒಂದು ಪ್ರಯೋಗ ಮಾಡಿದರು. ಇಬ್ಬರೂ ಬೀಗತನದವರು, ಸ್ಟಾರ್ಲಿಂಗ್ ಅವರ ಸೋದರಿಯನ್ನು ಬೇಲಿಸ್ ಮದುವೆಯಾಗಿದ್ದರು. ನಾಯಿಯ ಕರುಳಿಗೆ ಮಿದುಳು, ಬೆನ್ನುಹುರಿಯಿಂದ ಬರುವ ನರಗಳನ್ನು ಕತ್ತರಿಸಿದರು. ಕೈಗೆ ಹೋಗುವ ನರ ಕತ್ತರಿಸಿದರೆ ಕೈ ಆಡುವುದೇ ನಿಲ್ಲುತ್ತದೆ. ಕರುಳು ನಿಲ್ಲಲಿಲ್ಲ. ಒಳಗೆ ಏನಾದರೂ ಇಟ್ಟರೆ ಅದರ ಹಿಂದೆ ಬಿಗಿಯಿತು, ಮುಂದೆ ಸಡಿಲವಾಯಿತು, ವಸ್ತು ಕೆಳಕ್ಕೆ ಸಾಗಿತು. 1917ರಲ್ಲಿ ಟ್ರೆಂಡೆಲೆನ್‌ಬರ್ಗ್ ಗಿನಿ ಹಂದಿಯ ಕರುಳಿನ ತುಂಡನ್ನು ದೇಹದಿಂದ ಹೊರಗೆ ತೆಗೆದು ದ್ರಾವಣದಲ್ಲಿಟ್ಟರು. ಆಗಲೂ ಹಾಗೇ ತಳ್ಳಿತು. ತಲೆಯೇ ಇಲ್ಲದೆ! 1921ರಲ್ಲಿ ಕೇಂಬ್ರಿಡ್ಜ್‌ನ ಲ್ಯಾಂಗ್ಲಿ ಇದನ್ನು ಪ್ರತ್ಯೇಕ ನರಮಂಡಲ ಎಂದು ಪಟ್ಟಿಗೆ ಸೇರಿಸಿದರು. ಇಂಗ್ಲಿಷಿನಲ್ಲಿ ಎಂಟೆರಿಕ್ ನರ್ವಸ್ ಸಿಸ್ಟಮ್ ಅನ್ನುತ್ತಾರೆ, ನಾನು ಮಕ್ಕಳಿಗೆ ‘ಕರುಳಿನ ನರಮಂಡಲ’ ಎಂದೇ ಹೇಳುತ್ತಿದ್ದೆ.

ನೀವು ಅವರೆಕಾಳಿನ ಮಾತು ಬರೆದಿರಿ, ಅದರಲ್ಲೇ ಹೇಳುತ್ತೇನೆ. ನೆನೆದ ಅವರೆಯನ್ನು ಹಿತಕುವಾಗ ಏನು ಮಾಡುತ್ತೀರಿ? ಎರಡು ಬೆರಳಿನಿಂದ ಹಿಂದೆ ಒತ್ತುತ್ತೀರಿ, ಮುಂದೆ ಬಿಡುತ್ತೀರಿ, ಬೇಳೆ ಚಿಮ್ಮುತ್ತದೆ. ಹಿಂದೆ ಒತ್ತಿ ಮುಂದೆಯೂ ಬಿಗಿ ಹಿಡಿದರೆ ಬೇಳೆ ಅಲ್ಲೇ ನಜ್ಜುಗುಜ್ಜು. ಕರುಳಿನಲ್ಲಿ ಒತ್ತುವುದಕ್ಕೆ ಒಂದು ಬಗೆಯ ನರಕೋಶ, ಬಿಡುವುದಕ್ಕೆ ಇನ್ನೊಂದು ಬಗೆ. ಎರಡರಲ್ಲಿ ಯಾವುದು ಸತ್ತರೂ ಊಟ ನಿಲ್ಲುತ್ತದೆ.

ದಾದಿ ಅಕ್ಕ, ಗೌರಿಬಿದನೂರು

ಮೇಷ್ಟ್ರೇ, ಹಿತಕಿದ ಬೇಳೆಯ ಹೋಲಿಕೆಯನ್ನು ನಾನು ನಾಳೆಯಿಂದಲೇ ವಾರ್ಡಿನಲ್ಲಿ ಹೇಳುತ್ತೇನೆ.

ಗೂಡಿನ ಮನೆ ತಂಗಿ, ನೀನು ಬರೆದ 58 ಮತ್ತು 290 ಬಹಳ ಮುಖ್ಯ. ಇನ್ಸುಲಿನ್ ತನ್ನ ಹೊತ್ತಿಗೆ ಕೆಲಸ ಶುರು ಮಾಡುತ್ತದೆ. ಊಟ ಜಠರದಲ್ಲೇ ಕೂತರೆ ರಕ್ತಕ್ಕೆ ಸಕ್ಕರೆ ಬರುವುದಿಲ್ಲ, ಹಾಗಾಗಿ ಇಳಿಯುತ್ತದೆ. ರಾತ್ರಿ ಊಟ ಮೆಲ್ಲಗೆ ಜಾರಿದಾಗ ಇನ್ಸುಲಿನ್ ಮುಗಿದಿರುತ್ತದೆ, ಏರುತ್ತದೆ. ಏರಿದ ಸಕ್ಕರೆ ಮತ್ತೆ ಜಠರವನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಊಟ ಮಾಡಿದ ಮೇಲೂ ಪದೇ ಪದೇ ಶುಗರ್ ಇಳಿಯುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಎಷ್ಟೋ ಜನ ‘ಊಟ ಕಳ್ಳತನ ಮಾಡಿದ್ದಾರೆ’ ಎಂದು ಮನೆಯವರಿಂದ ಬೈಸಿಕೊಳ್ಳುತ್ತಾರೆ. ನನಗೆ ಅದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶ್ರೀನಿವಾಸಪುರದ ದೊಡ್ಡವರಿಗೆ: ಸಾಮಾನ್ಯ ಮಲಬದ್ಧತೆಗೆ ನಿಮ್ಮ ಮಾತು ಸರಿ. ಈ ಕಾಯಿಲೆಗೆ ಮಾತ್ರ ಅದು ತಿರುಗುಮುರುಗು. ಸೋತ ಜಠರಕ್ಕೆ ಸೊಪ್ಪು, ಸಿಪ್ಪೆಕಾಳು, ಎಣ್ಣೆ, ಜಿಡ್ಡು ಜಾಸ್ತಿ ಆದರೆ ಇಳಿಯುವುದು ಇನ್ನೂ ತಡ. ನಾರೆಲ್ಲ ಸೇರಿ ಗಟ್ಟಿ ಉಂಡೆ ಕಟ್ಟುವುದೂ ಉಂಟು. ತೆಳ್ಳಗೆ, ನುಣ್ಣಗೆ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ತಿಂದ ಮೇಲೆ ಮಲಗಬಾರದು.

ಇನ್ನೊಂದು. ಹಳೆಯ ಎಂಡೋಸ್ಕೋಪಿ ರಿಪೋರ್ಟ್ ಎರಡನ್ನೂ ತೆಗೆದು ಪೂರ್ತಿ ಓದು ತಂಗಿ. ಕೊನೆಯ ಸಾಲು ಮಾತ್ರ ಬೇಡ, ನಡುವೆ ಏನು ಬರೆದಿದ್ದಾರೆ ನೋಡು.

ಅಂತರಗಂಗೆ ಬೀದಿ, ಕೋಲಾರ

ಇದನ್ನು ಓದುತ್ತಾ ಓದುತ್ತಾ ಅಳು ಬಂತು. ನನ್ನ ಮಗನದೂ ಕರುಳಿನ ನರದ ಕಾಯಿಲೆಯೇ. ಅವನಿಗೆ ಹುಟ್ಟಿನಿಂದಲೇ ಬಂದದ್ದು.

ಹುಟ್ಟಿ ಎರಡು ದಿನ ಕಳೆದರೂ ಕಪ್ಪು ಮಲ ಹೋಗಲಿಲ್ಲ. ಹಾಲು ಕುಡಿಯುತ್ತಿದ್ದ, ಹೊಟ್ಟೆ ಊದುತ್ತಿತ್ತು. ನಾವು ಹೆರಿಗೆಗೆ ಹೋಗಿದ್ದ ಕಡೆ ‘ಕೆಲವು ಮಕ್ಕಳಿಗೆ ತಡ ಆಗುತ್ತದೆ’ ಎಂದು ಮನೆಗೆ ಕಳಿಸಿದರು. ಮನೆಯಲ್ಲಿ ದೃಷ್ಟಿ ತೆಗೆದರು. ಒಬ್ಬರು ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿ ಇಡಿ ಅಂದರು. ಇನ್ನೊಬ್ಬರು ಹರಳೆಣ್ಣೆ ನೆಕ್ಕಿಸಿ ಅಂದರು. ನಾಲ್ಕನೇ ದಿನ ಹಸಿರು ವಾಂತಿ. ಹೊಟ್ಟೆ ತಮಟೆ ಹಾಗೆ ಬಿಗಿದಿತ್ತು, ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು. ಬೆಂಗಳೂರಿಗೆ ಓಡಿದೆವು. ಅಲ್ಲಿ ಗುದದ ಹತ್ತಿರದಿಂದ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಆ ಭಾಗದಲ್ಲಿ ನರಕೋಶಗಳೇ ಇಲ್ಲ ಎಂದರು. ಹಿರ್ಷ್‌ಸ್ಪ್ರಂಗ್ ಕಾಯಿಲೆ.

ನರ ಇಲ್ಲದ ತುಂಡು ತೆಗೆದು, ನರ ಇರುವ ಕರುಳನ್ನು ಕೆಳಕ್ಕೆ ಎಳೆದು ಹೊಲಿದರು. ಈಗ ಅವನಿಗೆ ಆರು ವರ್ಷ, ಒಂದನೇ ಕ್ಲಾಸು. ಒಮ್ಮೊಮ್ಮೆ ಹೊಟ್ಟೆ ಊದುತ್ತದೆ, ಶಾಲೆಯಲ್ಲಿ ಒಂದೆರಡು ಸಲ ಚಡ್ಡಿಯಲ್ಲೇ ಆಗಿ ಮಂಕಾಗಿ ಬಂದಿದ್ದಾನೆ. ಅವನ ಬ್ಯಾಗಿನಲ್ಲಿ ಇನ್ನೊಂದು ಜೊತೆ ಬಟ್ಟೆ ಯಾವಾಗಲೂ ಇರುತ್ತದೆ. ಟೀಚರಿಗೆ ಎಲ್ಲ ಹೇಳಿದ್ದೇನೆ, ಅವರು ಬಹಳ ಒಳ್ಳೆಯವರು.

ನನ್ನ ಪ್ರಶ್ನೆ ಒಂದೇ. ಗರ್ಭದಲ್ಲಿದ್ದಾಗ ನಾನು ಏನಾದರೂ ತಪ್ಪು ತಿಂದೆನಾ? ಅತ್ತೆ ಮನೆಯಲ್ಲಿ ಪರಂಗಿಹಣ್ಣು ತಿಂದಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ.

ದಾದಿ ಅಕ್ಕ, ಗೌರಿಬಿದನೂರು

ಇಲ್ಲಮ್ಮ. ನಿನ್ನದೇನೂ ತಪ್ಪಿಲ್ಲ. ಪರಂಗಿಯೂ ಅಲ್ಲ, ಗ್ರಹಣವೂ ಅಲ್ಲ.

ಬೇರೆಯವರಿಗೂ ಹೇಳುತ್ತೇನೆ. ತಿಂಗಳು ತುಂಬಿ ಹುಟ್ಟಿದ ಮಗುವಿಗೆ 48 ಗಂಟೆಯೊಳಗೆ ಮೊದಲ ಮಲ ಹೋಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಲೇಬೇಕು. ಹಸಿಗೂಸು ಹಸಿರು ವಾಂತಿ ಮಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಹೊರಡಿ. ಬಾಯಿಗೆ ಎಣ್ಣೆ ಹಾಕಬೇಡಿ.

ಹಳೇ ಮೇಷ್ಟ್ರು, ಕ್ಯಾತಸಂದ್ರ

ಕೋಲಾರದ ತಾಯಿ, ನಿಮ್ಮ ಪ್ರಶ್ನೆಗೆ ವಿಜ್ಞಾನ ಸ್ಪಷ್ಟ ಉತ್ತರ ಕೊಟ್ಟಿದೆ. ಅದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ಕರುಳಿನ ನರಕೋಶಗಳು ಕರುಳಿನಲ್ಲಿ ಹುಟ್ಟುವುದಿಲ್ಲ. ಪಿಂಡದ ಕುತ್ತಿಗೆಯ ಹತ್ತಿರ, ಮುಂದೆ ಬೆನ್ನುಹುರಿ ಆಗುವ ಜಾಗದ ಅಂಚಿನಿಂದ ಹೊರಟು ಬರುತ್ತವೆ. ಅನ್ನನಾಳಕ್ಕೆ ಇಳಿದು, ಜಠರ ದಾಟಿ, ಸಣ್ಣ ಕರುಳು ದಾಟಿ, ದೊಡ್ಡ ಕರುಳಿನ ತುದಿಯ ತನಕ ತೆವಳುತ್ತವೆ. ದಾರಿಯುದ್ದಕ್ಕೂ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತವೆ. ಈ ನಡಿಗೆ ಗರ್ಭದ ನಾಲ್ಕನೇ ವಾರದಿಂದ ಏಳನೇ ವಾರದೊಳಗೆ ಮುಗಿಯುತ್ತದೆ. ಬಹಳ ಜನ ತಾಯಂದಿರಿಗೆ ಬಸುರಿ ಎಂದು ಗೊತ್ತಾಗುವ ಹೊತ್ತು ಅದು. ನಡಿಗೆ ಕೊನೆ ಮುಟ್ಟದಿದ್ದರೆ ತುದಿಯ ಕರುಳಿಗೆ ನರಕೋಶ ಇಲ್ಲ. ಕೊನೆಯ ಭಾಗಕ್ಕೇ ಇದು ಬರುವುದು ಅದಕ್ಕೆ. 1970ರ ದಶಕದಲ್ಲಿ ಫ್ರಾನ್ಸಿನ ನಿಕೋಲ್ ಲ ದುವಾರೆ ಲಾವಕ್ಕಿಯ ಕೋಶಗಳನ್ನು ಕೋಳಿಯ ಪಿಂಡಕ್ಕೆ ಕಸಿ ಮಾಡಿ ಈ ದಾರಿ ತೋರಿಸಿದರು. ಲಾವಕ್ಕಿಯ ಕೋಶ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಕಾಣುತ್ತದೆ, ಹಾಗಾಗಿ ಎಲ್ಲಿಂದ ಹೊರಟದ್ದು ಎಲ್ಲಿಗೆ ಬಂತು ಎಂದು ಹಿಂಬಾಲಿಸಬಹುದಾಗಿತ್ತು. 1994ರಲ್ಲಿ ಇದರ ಹಿಂದಿನ ಮುಖ್ಯ ಜೀನ್ ಒಂದು ಸಿಕ್ಕಿತು, ಹೆಸರು ಆರ್‌ಇಟಿ. ಸುಮಾರು 5000 ಹೆರಿಗೆಗೆ ಒಂದು ಮಗುವಿಗೆ ಈ ಕಾಯಿಲೆ, ಗಂಡುಮಕ್ಕಳಿಗೆ ಜಾಸ್ತಿ.

ಇದರ ಇತಿಹಾಸದಲ್ಲಿ ಈ ಚರ್ಚೆಗೆ ಸರಿಯಾಗಿ ಹೊಂದುವ ಒಂದು ಸಂಗತಿ ಇದೆ. ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಡೆನ್ಮಾರ್ಕಿನ ಮಕ್ಕಳ ವೈದ್ಯರು. 1886ರಲ್ಲಿ ಬರ್ಲಿನ್ನಿನಲ್ಲಿ, ದೊಡ್ಡ ಕರುಳು ವಿಪರೀತ ಊದಿ ಸತ್ತ ಎರಡು ಕೂಸುಗಳ ಬಗ್ಗೆ ಹೇಳಿದರು. ಊದಿದ ಭಾಗವೇ ಕಾಯಿಲೆಯ ಭಾಗ ಎಂದು ದಶಕಗಟ್ಟಲೆ ನಂಬಿದ್ದರು. ಅದನ್ನು ಕತ್ತರಿಸಿದರೂ ಮಕ್ಕಳು ಗುಣವಾಗುತ್ತಿರಲಿಲ್ಲ. 1940ರ ದಶಕದಲ್ಲಿ ಅಮೆರಿಕದ ಸ್ವೆನ್ಸನ್ ಅದಕ್ಕಿಂತ ಕೆಳಗೆ ನೋಡಿದರು. ಅಲ್ಲಿ ಕರುಳು ಊದಿರಲಿಲ್ಲ, ನೋಡುವುದಕ್ಕೆ ಸರಿಯಾಗಿಯೇ ಇತ್ತು. ನರಕೋಶ ಇಲ್ಲದ ಜಾಗ ಅದೇ. ಮೇಲಿನ ಆರೋಗ್ಯವಂತ ಕರುಳು ತಳ್ಳಿ ತಳ್ಳಿ ಊದಿತ್ತು, ಅಷ್ಟೆ. 1948ರಲ್ಲಿ ಅವರು ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ದಾರಿಯಲ್ಲೇ ನಿಮ್ಮ ಮಗನಿಗೂ ಮಾಡಿದ್ದಾರೆ.

2016ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಮನುಷ್ಯರ ಕಾಂಡಕೋಶಗಳಿಂದ (ಸ್ಟೆಮ್ ಸೆಲ್, ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲವು) ಕರುಳಿನ ನರದ ಮೂಲಕೋಶ ಬೆಳೆಸಿ, ಇದೇ ಕಾಯಿಲೆಯ ಇಲಿಗಳ ಕರುಳಿಗೆ ಸೇರಿಸಿದರು. ಕೋಶಗಳು ಹರಡಿಕೊಂಡವು, ಇಲಿಗಳು ಬದುಕಿದವು. ಮಕ್ಕಳಿಗೆ ಇದು ಇನ್ನೂ ಚಿಕಿತ್ಸೆಯಾಗಿ ಬಂದಿಲ್ಲ. ಆದರೆ ಹೊಸ ನರ ನೆಡಬಹುದು ಎಂದು ಯೋಚಿಸುವ ತನಕ ಬಂದಿದ್ದೇವಲ್ಲ, ನನಗೆ ಅದು ದೊಡ್ಡ ವಿಷಯ.

ಅಂತರಗಂಗೆ ಬೀದಿ, ಕೋಲಾರ

ಸರ್, ಅತ್ತೆಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆದರೆ ಮಗನನ್ನು ಹತ್ತಿರ ಕರೆದು ತಲೆ ಸವರಿದರು. ಆರು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಟೊಮೆಟೊ ಗಾಡಿ, ಚಿಂತಾಮಣಿ

ಅಣ್ಣಂದಿರೇ, ಅಕ್ಕಂದಿರೇ, ನನ್ನದೂ ಸೇರಿಸಿಕೊಳ್ಳಿ. ನಾನು ಕೋಲಾರ ಮಂಡಿಯಿಂದ ಟೊಮೆಟೊ ಲೋಡ್ ಹೊಡೆಯುವ ಡ್ರೈವರ್. ವಯಸ್ಸು 29. ಅನ್ನ ನುಂಗಿದರೆ ಎದೆಯ ನಡುವೆ ನಿಲ್ಲುತ್ತಿತ್ತು. ಆಮೇಲೆ ನೀರೂ ನಿಲ್ಲುತ್ತಿತ್ತು. ಎದ್ದು ನಿಂತು ಎದೆ ಚಾಚಿದರೆ ಗುಳಕ್ ಎಂದು ಇಳಿಯುವುದು. ರಾತ್ರಿ ಮಲಗಿದರೆ ಮೂಗಿನಲ್ಲಿ ಅನ್ನ. ಗಾಡಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದೆ. 68 ಕೆಜಿ ಇದ್ದವನು 49ಕ್ಕೆ ಬಂದೆ. ಊರಲ್ಲಿ ದೊಡ್ಡ ಕಾಯಿಲೆ ಎಂದು ಮಾತಾಡಿಕೊಂಡರು, ಹೆಣ್ಣು ನೋಡಿದ್ದು ಮುರಿಯಿತು.

ನನಗೂ ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ ಎಂದು ಎರಡು ವರ್ಷ ಆಸಿಡಿಟಿ ಮಾತ್ರೆ. ಕೊನೆಗೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳ ಮೇಲೆ ಚೀಲದ ಹಾಗೆ ಅಗಲ, ಕೆಳಗೆ ಹಕ್ಕಿಯ ಕೊಕ್ಕಿನ ಹಾಗೆ ಚೂಪು. ಆಮೇಲೆ ಮೂಗಿನಲ್ಲಿ ಸಣ್ಣ ಪೈಪ್ ಇಳಿಸಿ, ಗುಟುಕು ಗುಟುಕು ನೀರು ಕುಡಿಸಿ ಒತ್ತಡ ಅಳೆದರು. ಅಕಲೇಸಿಯ. ಮೇಷ್ಟ್ರು ಹೇಳಿದ ‘ಮುಂದೆ ಬಿಡುವ’ ನರಕೋಶ ನನಗೆ ಸತ್ತಿದೆ. ಬಾಗಿಲು ತೆರೆಯುವುದಿಲ್ಲ. ಹೊಟ್ಟೆ ಕೊಯ್ಯದೆ ಬಾಯಿಯ ಮೂಲಕವೇ ಒಳಗೆ ಹೋಗಿ ಆ ಬಿಗಿ ಸ್ನಾಯು ಸೀಳಿದರು, ಪೊಯೆಮ್ ಅನ್ನುತ್ತಾರೆ. ಮೂರನೇ ದಿನ ಗಂಜಿ ಕುಡಿದೆ. ಗಂಟಲಿನಿಂದ ಹೊಟ್ಟೆಯ ತನಕ ಬೆಚ್ಚಗೆ ಇಳಿದದ್ದು ಗೊತ್ತಾಯಿತು. ಎರಡು ವರ್ಷವಾಗಿತ್ತು ಆ ಬೆಚ್ಚಗೆ ಕಂಡು. ಈಗ 63 ಕೆಜಿ. ಹುಳಿ ಮೇಲಕ್ಕೆ ಬರುತ್ತದೆ, ಅದಕ್ಕೆ ಮಾತ್ರೆ ಇದೆ. ತಲೆಯ ಕಡೆ ಮಂಚ ಎತ್ತರಿಸಿ ಮಲಗುತ್ತೇನೆ.

ಹಳೇ ಮೇಷ್ಟ್ರು, ಕ್ಯಾತಸಂದ್ರ

ತಮ್ಮಾ, ಪೊಯೆಮ್ ಅನ್ನು ಜಪಾನಿನ ಇನೋವೆ ಮೊದಲು ಮನುಷ್ಯರಿಗೆ ಮಾಡಿದ್ದು 2008ರಲ್ಲಿ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇದೇ ಕಾಯಿಲೆಯ ಒಬ್ಬರಿಗೆ ತಿಮಿಂಗಿಲದ ಮೂಳೆಯ ಕಡ್ಡಿಗೆ ಸ್ಪಂಜು ಕಟ್ಟಿಕೊಟ್ಟಿದ್ದರು. ಆತ ವರ್ಷಗಟ್ಟಲೆ ಪ್ರತಿ ಊಟವನ್ನೂ ಆ ಕಡ್ಡಿಯಿಂದ ಕೆಳಕ್ಕೆ ತಳ್ಳಿಕೊಂಡು ಬದುಕಿದ.

ಕೊಬ್ಬರಿ ಅಂಗಳ, ತಿಪಟೂರು

ನಮ್ಮ ತಂದೆಗೆ ಪಾರ್ಕಿನ್ಸನ್ ಎಂದು ಗೊತ್ತಾಗಿ ಮೂರು ವರ್ಷ. ಕೈ ನಡುಗುವುದಕ್ಕೆ ಹತ್ತು ವರ್ಷ ಮೊದಲಿನಿಂದ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ. ನರದ ಡಾಕ್ಟರು ಮೊದಲ ದಿನವೇ ಮಲಬದ್ಧತೆ ಎಷ್ಟು ವರ್ಷದಿಂದ ಎಂದು ಕೇಳಿದರು. ಎರಡಕ್ಕೂ ಸಂಬಂಧ ಇದೆಯಾ ಸರ್?

ಹಳೇ ಮೇಷ್ಟ್ರು, ಕ್ಯಾತಸಂದ್ರ

ಇದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಗಂಟುಕಟ್ಟುವ ಪ್ರೋಟೀನು ಅವರ ಕರುಳಿನ ನರಗಳಲ್ಲೂ ಕಂಡಿದೆ. ಕೆಲವರಲ್ಲಿ ಕಾಯಿಲೆ ಕರುಳಿನಲ್ಲೇ ಶುರುವಾಗಿ ವೇಗಸ್ ನರದ ಮೂಲಕ ಮಿದುಳಿಗೆ ಏರುತ್ತದೆಯೇ ಎಂಬ ಊಹೆಯನ್ನು 2003ರಲ್ಲಿ ಜರ್ಮನಿಯ ಬ್ರಾಕ್ ಮುಂದಿಟ್ಟರು. ಅದರ ಮೇಲೆ ವಾದ ಇನ್ನೂ ನಡೆಯುತ್ತಿದೆ. ವೇಗಸ್ ಎಂದರೆ ಮಿದುಳಿನಿಂದ ಹೊಟ್ಟೆಗೆ ಬರುವ ಉದ್ದ ನರ. ಅದರ ತಂತುಗಳಲ್ಲಿ ನೂರಕ್ಕೆ ಸುಮಾರು 80 ಹೊಟ್ಟೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು, ಆದೇಶ ಕೆಳಕ್ಕೆ ತರುವವು ಕಡಿಮೆ.

ಓದಿ ಯಾರೂ ಹೆದರಬೇಡಿ. ಮಲಬದ್ಧತೆ ಇರುವವರಲ್ಲಿ ಬಹುಪಾಲು ಜನರಿಗೆ ಪಾರ್ಕಿನ್ಸನ್ ಬರುವುದಿಲ್ಲ.

ಬಿಸಿಲು ಸೀಮೆ, ಪಾವಗಡ

ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಲ್ಲು, ಮಂಡಿ ಹೋಗುವುದು ಗೊತ್ತು. ಹೊಟ್ಟೆಗೂ ತೊಂದರೆ ಕೊಡುತ್ತಾ?

ದಾದಿ ಅಕ್ಕ, ಗೌರಿಬಿದನೂರು

ಕೊಡುತ್ತದೆ ಅಣ್ಣ. ಫ್ಲೋರೈಡ್ ಜಾಸ್ತಿ ಇರುವ ಊರುಗಳಲ್ಲಿ ಹೊಟ್ಟೆನೋವು, ಉಬ್ಬರ, ವಾಕರಿಕೆ, ಮಲಬದ್ಧತೆ ಹೇಳಿಕೊಂಡು ಬರುವವರಿದ್ದಾರೆ. ಅಲ್ಲಿ ಮುಖ್ಯವಾಗಿ ಕೆಡುವುದು ಹೊಟ್ಟೆಯ ಒಳಪದರ. ನೀರು ಬದಲಾಯಿಸಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5 ತನಕ. ನಿಮ್ಮ ಬೋರ್ ನೀರನ್ನು ಪರೀಕ್ಷೆ ಮಾಡಿಸಿ.

ಮಾವಿನ ತೋಪು, ಶ್ರೀನಿವಾಸಪುರ

ಎಲ್ಲ ಓದಿದೆ. ನಾರಿನ ವಿಷಯದಲ್ಲಿ ನಾನು ಹೇಳಿದ್ದು ಆ ತಾಯಿಗೆ ಹೊಂದುವುದಿಲ್ಲ ಎಂದು ಒಪ್ಪುತ್ತೇನೆ. ನನ್ನ ಹೆಂಡತಿಯೂ ಹೋಗುವ ಮೊದಲು ಎರಡು ವರ್ಷ ಹೀಗೇ ತುತ್ತು ಬಿಟ್ಟಿದ್ದಳು, ಅವಳಿಗೂ ಶುಗರ್ ಇತ್ತು. ನಾನು ಬಲವಂತ ಮಾಡಿ ಸೊಪ್ಪಿನ ಸಾರಿಗೆ ಮುದ್ದೆ ಮುರಿದು ಹಾಕುತ್ತಿದ್ದೆ.

ಹರಳೆಣ್ಣೆಯ ಬಗ್ಗೆ ಮಾತ್ರ ಮೇಷ್ಟ್ರು ಹೇಳಲಿ. ನಮ್ಮ ಹೊಲದ ಬದುವಿನ ಹರಳು. ನಮ್ಮವ್ವ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ತೇಲಿದ ಎಣ್ಣೆ ಎತ್ತಿಡುತ್ತಿದ್ದಳು. ಅದು ಸುಳ್ಳಾ?

ಹಳೇ ಮೇಷ್ಟ್ರು, ಕ್ಯಾತಸಂದ್ರ

ಸುಳ್ಳಲ್ಲ ಯಜಮಾನರೇ. ಹರಳೆಣ್ಣೆ ಹೊಟ್ಟೆಯಲ್ಲಿ ಒಡೆದು ರಿಸಿನೋಲಿಕ್ ಆಮ್ಲ ಆಗುತ್ತದೆ. ಅದು ಕರುಳಿನ ಸ್ನಾಯುವಿನ ಮೇಲಿರುವ ಒಂದು ಗ್ರಾಹಕವನ್ನು (ರಿಸೆಪ್ಟರ್, ಅಂದರೆ ಸುದ್ದಿ ಹಿಡಿಯುವ ಪ್ರೋಟೀನು) ನೇರವಾಗಿ ಕೆಣಕುತ್ತದೆ ಎಂದು 2012ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಆ ಗ್ರಾಹಕ ತೆಗೆದ ಇಲಿಗಳಿಗೆ ಎಣ್ಣೆ ಕುಡಿಸಿದರೂ ಬೇಧಿ ಆಗಲಿಲ್ಲ. ಅದೇ ಗ್ರಾಹಕ ಗರ್ಭಕೋಶದಲ್ಲೂ ಇದೆ, ಅದಕ್ಕೇ ಬಸುರಿಯರು ಕುಡಿಯಬಾರದು. ನಿಮ್ಮವ್ವನ ಕೈ ಅಳತೆ ನಿಮಗೆ ಸರಿಹೋಗಿತ್ತು. ನರವೇ ಇಲ್ಲದ ಕೂಸಿಗೆ, ಸೋತ ಜಠರಕ್ಕೆ ಅದು ಉತ್ತರ ಅಲ್ಲ.

ನಿಮ್ಮ ಮನೆಯವರ ವಿಷಯ ಓದಿ ಬೇಜಾರಾಯಿತು. ನೀವು ಉಣ್ಣಿಸಿದ್ದು ಪ್ರೀತಿಯಿಂದಲೇ.

ಗೂಡಿನ ಮನೆ ಮೇಡಂಗೆ ಒಂದು ಮಾತು ಬಾಕಿ ಉಳಿದಿತ್ತು. ಹಸಿದಾಗ ಹೊಟ್ಟೆ ಗುರ್ ಅನ್ನುವುದಿದೆಯಲ್ಲ, ಅದು ಸುಮ್ನೆ ಅಲ್ಲ. ಖಾಲಿ ಹೊಟ್ಟೆಯಲ್ಲಿ ಒಂದೂವರೆ ಎರಡು ಗಂಟೆಗೊಮ್ಮೆ ಜಠರದ ಕಡೆಯಿಂದ ಒಂದು ಬಲವಾದ ಅಲೆ ಎದ್ದು, ಉಳಿದ ಸಿಪ್ಪೆ ಚೂರು ಎಲ್ಲ ಗುಡಿಸಿಕೊಂಡು ಹೋಗುತ್ತದೆ. ನಾಯಿಗಳಲ್ಲಿ ಇದನ್ನು 1969ರಲ್ಲಿ ಗುರುತಿಸಿದರು. ಅವರೆ ಸಿಪ್ಪೆಯಂಥ ಕರಗದ ವಸ್ತುವನ್ನು ಸಾಗಿಸುವುದು ಈ ಅಲೆ. ಬಹಳ ವರ್ಷ ಶುಗರ್ ಇದ್ದವರಲ್ಲಿ ಅದು ಕುಂದುತ್ತದೆ. ಜಠರ ನಿಮಿಷಕ್ಕೆ ಮೂರು ಸಲ ಮಿಡಿಯುವ ಹಾಗೆ ತಾಳ ಹಾಕುವ ಕೋಶಗಳೂ ಇವೆ, ಸ್ಪೇನಿನ ವಿಜ್ಞಾನಿ ಕಹಾಲ್ ಹೆಸರಿನವು. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಯಾಸ್ಟ್ರೋಪರೇಸಿಸ್ ಇದ್ದವರ ಜಠರದ ತುಣುಕಿನಲ್ಲಿ ಈ ಕೋಶಗಳು ಕಡಿಮೆಯಾಗಿದ್ದವು. ಅವನ್ನು ಉಳಿಸುವುದು ಹೇಗೆ ಎಂದು ಈಗ ಹುಡುಕುತ್ತಿದ್ದಾರೆ.

ದಾದಿ ಅಕ್ಕ, ಗೌರಿಬಿದನೂರು

ವಾಂತಿ ತಡೆದು ಜಠರ ಓಡಿಸಲು ಕೊಡುವ ಮಾತ್ರೆಯ ಬಗ್ಗೆ ಎಚ್ಚರ. ಡೊಂಪೆರಿಡೋನ್ ಕೆಲವರಿಗೆ ಹೃದಯದ ಬಡಿತ ಕೆಡಿಸುತ್ತದೆ. ಮೆಟೊಕ್ಲೋಪ್ರಮೈಡ್ ತಿಂಗಳುಗಟ್ಟಲೆ ತಗೊಂಡರೆ ಮುಖ, ನಾಲಿಗೆ ತಾನೇ ಆಡತೊಡಗುವ ಅಪಾಯ ಇದೆ. ಮೆಡಿಕಲ್ ಸ್ಟೋರಿನಲ್ಲಿ ನೀವೇ ಕೇಳಿ ತರಬೇಡಿ. ಟ್ರಮಡಾಲ್‌ನಂಥ ನೋವಿನ ಮಾತ್ರೆ, ತೂಕ ಇಳಿಸುವ ಹೊಸ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಡಾಕ್ಟರಿಗೆ ಹೇಳಿ, ಅವೂ ಜಠರವನ್ನು ನಿಧಾನ ಮಾಡುತ್ತವೆ.

ಗೂಡಿನ ಮನೆ, ಶಿಡ್ಲಘಟ್ಟ

ಅಕ್ಕಾ, ನೀವು ಹೇಳಿದ ಹಾಗೆ ಹಳೆಯ ರಿಪೋರ್ಟ್ ತೆಗೆದೆ. ಮಗಳ ಕೈಲಿ ಒಂದೊಂದೇ ಸಾಲು ಓದಿಸಿದೆ. ಎರಡನೇ ಎಂಡೋಸ್ಕೋಪಿಯಲ್ಲಿ, ಕೊನೆಯ ‘ನಾರ್ಮಲ್’ಗಿಂತ ಆರು ಸಾಲು ಮೇಲೆ, ಜಠರದಲ್ಲಿ ಆಹಾರದ ಉಳಿಕೆ ಕಂಡಿದೆ ಎಂದು ಬರೆದಿದೆ. ಹಿಂದಿನ ರಾತ್ರಿ ಎಂಟರಿಂದ ಅಮ್ಮ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ. ಹದಿನೈದು ಗಂಟೆ ಉಪವಾಸ ಇದ್ದವರ ಹೊಟ್ಟೆಯಲ್ಲಿ ಊಟ ಇತ್ತು! ಬರೆದವರೂ ಅದನ್ನು ಕೇಳಲಿಲ್ಲ, ಓದಿದವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಒಂದೂವರೆ ವರ್ಷದ ಹಿಂದಿನ ಕಾಗದ ಅದು.

ಆ ಸಾಲು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಓದಲು ಬರುವುದಿಲ್ಲ ಅವರಿಗೆ. ‘ಹಂಗಾದ್ರೆ ನಾನು ಹೇಳಿದ್ದು ನಿಜ ಅಂತ ಇದರಲ್ಲಿ ಬರೆದಿತ್ತು’ ಅಂದರು. ನಾನು ಹೌದಮ್ಮ ಅಂದೆ, ತಪ್ಪಾಯಿತು ಅಂದೆ.

ಈಗ ಊಟ ಹೀಗಿದೆ. ಬೆಳಗ್ಗೆ ಸೋಸಿದ ರಾಗಿ ಹಿಟ್ಟಿನ ತೆಳು ಗಂಜಿ ಒಂದು ಲೋಟ. ಹತ್ತಕ್ಕೆ ಅರ್ಧ ಇಡ್ಲಿ. ಮಧ್ಯಾಹ್ನ ಎರಡು ಸೌಟು ಮೆತ್ತನೆ ಅನ್ನ, ಹೆಸರುಬೇಳೆ ಕಟ್ಟು. ಸಂಜೆ ಮಜ್ಜಿಗೆ, ಮತ್ತೆ ಗಂಜಿ. ಇನ್ಸುಲಿನ್ ಹೊತ್ತನ್ನು ಡಾಕ್ಟರು ಬದಲಾಯಿಸಿದ್ದಾರೆ. ಐದು ವಾರದಲ್ಲಿ ವಾಂತಿ ಎರಡೇ ಸಲ. 58 ಇನ್ನೊಮ್ಮೆ ಬಂದಿಲ್ಲ. ವಾಕರಿಕೆ ಪೂರ್ತಿ ಹೋಗಿಲ್ಲ.

ಅಮ್ಮನಿಗೆ ಅವರೆ ಅಂದರೆ ಪ್ರಾಣ. ಡಾಕ್ಟರನ್ನು ಕೇಳಿದೆ. ಸಿಪ್ಪೆ ತೆಗೆದು, ಬೇಯಿಸಿ, ನುಣ್ಣಗೆ ರುಬ್ಬಿ, ಸೋಸಿ ಎರಡು ಚಮಚ ಕೊಟ್ಟು ನೋಡಿ ಅಂದರು. ನಿನ್ನೆ ಸಂಜೆ ಅಂಗಡಿಯಿಂದ ಒಂದು ಸೇರು ತಂದು ನೆನೆಹಾಕಿದೆ. ಅಮ್ಮ ಚಾಪೆ ಹಾಕಿಕೊಂಡು ಕೂತು ತಾವೇ ಹಿತಕಿದರು. ಮೇಷ್ಟ್ರು ಬರೆದದ್ದನ್ನು ಹೇಳಿದೆ, ಹಿಂದೆ ಒತ್ತಿ ಮುಂದೆ ಬಿಡುವ ಕಥೆ. ಒಂದು ಕಾಳು ಬೆರಳ ನಡುವೆ ಹಿಡಿದು ನಿಧಾನವಾಗಿ ಒತ್ತಿ, ಬೇಳೆ ತಟ್ಟೆಗೆ ಬಿದ್ದದ್ದನ್ನು ನೋಡಿ, ಇನ್ನೊಂದು ಕಾಳು ತೆಗೆದುಕೊಂಡರು.

ಮುಂದಿನ ತಿಂಗಳು ಮತ್ತೆ ಇಡ್ಲಿ ಪರೀಕ್ಷೆ ಇದೆ. ಎಷ್ಟು ಉಳಿಯಿತು ಎಂದು ಇಲ್ಲೇ ಬರೆಯುತ್ತೇನೆ.